ಹಸಿರು ಪೆನ್ನಿನ ಆಕ್ಷೇಪಣೆ

ಸಸ್ಯಶಾಸ್ತ್ರ ವಿಭಾಗಕ್ಕೂ ಆಡಳಿತ ಕಟ್ಟಡಕ್ಕೂ ನಡುವೆ ನೀರು ಕಾಣದ ಕಾರಂಜಿಯೊಂದಿತ್ತು. ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದ ಮೇಷ್ಟ್ರು ಅದರ ಕಟ್ಟೆಯ ಹತ್ತಿರ ನಿಂತರು. ನಿಲ್ಲುವಂಥ ಕೆಲಸವೇನೂ ಅಲ್ಲಿರಲಿಲ್ಲ. ಹನ್ನೊಂದು ದಿನಗಳಿಂದ ಇಲ್ಲಿಗೆ ಬಂದ ಕೂಡಲೇ ಕಾಲು ತಾನಾಗಿ ನಿಲ್ಲುತ್ತಿತ್ತು, ಕೈ ತಾನಾಗಿ ಜೇಬಿಗೆ ಹೋಗಿ ನೀಲಿ ಪೆನ್ನನ್ನು ಒಳಕ್ಕೆ ತಳ್ಳಿ ಹಸಿರು ಪೆನ್ನನ್ನು ಮೇಲಕ್ಕೆ ಎಳೆಯುತ್ತಿತ್ತು. ಕಾರಂಜಿಯ ಈಚೆಗೆ ಅವರು ವಿಭಾಗದ ಮುಖ್ಯಸ್ಥರು, ಆಚೆಗೆ ವಿಶ್ವವಿದ್ಯಾಲಯದ ಪ್ರಭಾರ ಹಣಕಾಸು ಅಧಿಕಾರಿ. ಇವತ್ತು ಮಾತ್ರ ಕೈ ಜೇಬಿನ ಹತ್ತಿರವೇ ತಡವರಿಸಿತು. ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಪತ್ರವನ್ನು ಬೆಳಿಗ್ಗೆ ಮುಖ್ಯಸ್ಥರ ಕುರ್ಚಿಯಲ್ಲಿ ಕೂತು ಓದಿದಾಗಿನಿಂದ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ‘ತಾವು ನೀಡಿರುವ ಉತ್ತರ ಹಾರಿಕೆಯದಾಗಿದ್ದು, ಇಂಥ ಧೋರಣೆಯನ್ನು ಗಂಭೀರವಾಗಿ ಪರಿಗಣಿಸಲಾಗುವುದು’ ಎಂದಿತ್ತು ಅದರಲ್ಲಿ. ಮೂವತ್ತೊಂದು ವರ್ಷ ಪಾಠ ಹೇಳಿದವರಿಗೆ ಹಾರಿಕೆ ಎನ್ನುವುದೇ? ದೊಡ್ಡವರು ಚಿಕ್ಕವರು ಅನ್ನುವ ಪರಿವೆಯಾದರೂ ಬೇಡವೇ ಬರೆದವನಿಗೆ? ಬರೆದದ್ದು ತಾವೇ, ನಿನ್ನೆ ಮಧ್ಯಾಹ್ನ ಮೂರೂವರೆಗೆ, ಕಾರಂಜಿಯ ಆಚೆಗೆ ಕೂತು ಎಂಬುದು ಮೇಷ್ಟ್ರಿಗೆ ಚೆನ್ನಾಗಿ ನೆನಪಿತ್ತು. ನೆನಪಿದ್ದರೂ ನೋವೇನೂ ಕಡಿಮೆಯಾಗಲಿಲ್ಲ.

ಇದೆಲ್ಲ ಶುರುವಾದದ್ದು ಒಂದು ಒಳ್ಳೆಯ ಸುದ್ದಿಯಿಂದ. ಇಪ್ಪತ್ತು ವರ್ಷಗಳಿಂದ ಸಿಕ್ಕ ಸಿಕ್ಕ ಸಭೆಯಲ್ಲೆಲ್ಲ ಎದ್ದು ನಿಂತು, ಒಂದು ಬಲ್ಬು ಬದಲಾಯಿಸಬೇಕಾದರೂ ಸರ್ಕಾರದ ಬಾಗಿಲು ಕಾಯಬೇಕಲ್ಲ, ನಮ್ಮ ಕೈಗೆ ಅಧಿಕಾರ ಕೊಟ್ಟು ನೋಡಿ ಎಂದು ಗುಡುಗಿದವರು ಮೇಷ್ಟ್ರು. ಕೊನೆಗೂ ಆರ್ಥಿಕ ಸ್ವಾಯತ್ತತೆಯ ಆದೇಶ ಬಂತು. ಎರಡು ಪುಟದ ಆದೇಶ. ವಿಶ್ವವಿದ್ಯಾಲಯದ ಹಣವನ್ನು ವಿಶ್ವವಿದ್ಯಾಲಯವೇ ಖರ್ಚು ಮಾಡಬಹುದು, ಯಾರನ್ನೂ ಕೇಳಬೇಕಾಗಿಲ್ಲ ಎಂದಿದ್ದ ಮೊದಲ ಪುಟವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೇ ಪುಟವನ್ನು ಹಣಕಾಸು ಅಧಿಕಾರಿ ಒಬ್ಬರೇ, ತಮ್ಮ ಕೋಣೆಯಲ್ಲಿ, ಮನಸ್ಸಿನಲ್ಲೇ ಓದಿಕೊಂಡರು. ಮಂಜೂರಾತಿಗೆ ಸಹಿ ಹಾಕಿದವರೇ ಅದಕ್ಕೆ ವೈಯಕ್ತಿಕವಾಗಿ ಉತ್ತರದಾಯಿಗಳು ಎಂದಿತ್ತು ಅಲ್ಲಿ. ಮಾರನೆಯ ದಿನ ಅವರಿಗೆ ಸೊಂಟ ಹಿಡಿಯಿತು. ಹಿಡಿದ ಸೊಂಟ ಎಷ್ಟು ದಿನಕ್ಕೆ ಬಿಡುತ್ತದೆಂದು ವೈದ್ಯರೂ ಹೇಳಲಾರದೆ ಹೋದರಂತೆ. ಪ್ರಭಾರ ಯಾರಿಗೆ ಕೊಡುವುದು ಎಂಬ ಪ್ರಶ್ನೆ ಬಂದಾಗ ಹಿರಿಯರೆಲ್ಲ ಕಿಟಕಿಯಾಚೆ ನೋಡತೊಡಗಿದರು. ಮೇಷ್ಟ್ರು ಕನ್ನಡಕ ಒರೆಸುತ್ತಿದ್ದುದರಿಂದ ಕಿಟಕಿ ಅವರಿಗೆ ಕಾಣಲಿಲ್ಲ. ‘ಇಷ್ಟು ವರ್ಷ ಅಧಿಕಾರ ಕೇಳಿದವರು ನೀವೇ ಅಲ್ವಾ ಸರ್’ ಎಂದು ಯಾರೋ ಅಂದರು, ಸಭೆ ಮುಗಿಯಿತು.

ಫೈಲು ಏನು ಮಹಾ ಫೈಲು. ವಿಭಾಗದ ದೊಡ್ಡ ಫ್ರೀಜರಿನ ಕಂಪ್ರೆಸರ್ ಕೆಟ್ಟಿತ್ತು, ಬದಲಾಯಿಸಬೇಕಿತ್ತು. ಖರ್ಚು ಮೇಷ್ಟ್ರ ಮಗಳ ಕೈಯಲ್ಲಿರುವ ಮೊಬೈಲಿಗಿಂತ ಕಡಿಮೆ. ಮುಖ್ಯಸ್ಥರಾಗಿ ಅವರು ಮೊದಲ ದಿನವೇ ನೀಲಿ ಪೆನ್ನಿನಲ್ಲಿ ಚೆಂದವಾದ ಕೋರಿಕೆ ಬರೆದರು. ‘ತುರ್ತು’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದರು. ಅದೇ ಕೋರಿಕೆ ಅದೇ ಸಂಜೆ ಆಡಳಿತ ಕಟ್ಟಡದ ಮೂರನೆಯ ಮಹಡಿಯಲ್ಲಿ ತಮ್ಮ ಮುಂದೆಯೇ ಬಂದು ಕೂತಾಗ, ಆ ಎರಡು ಗೆರೆ ನೋಡಿ ಅವರಿಗೆ ಯಾಕೋ ಅನುಮಾನ ಬಂತು. ಇಷ್ಟೊಂದು ತುರ್ತು ಯಾಕೆ? ತುರ್ತು ಅಂದವರ ಹಿಂದೆ ಯಾವಾಗಲೂ ಏನಾದರೊಂದು ಇರುತ್ತದೆ. ‘ಮೂರು ಕೊಟೇಶನ್ ಲಗತ್ತಿಸಿ’ ಎಂದು ಹಸಿರಿನಲ್ಲಿ ಬರೆದು ವಾಪಸು ಕಳಿಸಿದರು. ಮೂರು ಬಂದವು. ಮೂರನೆಯದರ ಮೇಲೆ ಅಂಗಡಿಯ ಸೀಲು ಇರಲಿಲ್ಲ. ಸೀಲು ಬಂತು. ಆಗ ಮುಖ್ಯಸ್ಥರು ಸ್ವಲ್ಪ ಖಾರವಾಗಿಯೇ ಉತ್ತರಿಸಿದರು, ಆ ಖಾರ ಹಣಕಾಸು ಅಧಿಕಾರಿಗೆ ನಾಟಿತು, ‘ದುರಸ್ತಿಯ ಬದಲು ಹೊಸದನ್ನೇ ಏಕೆ ಕೊಳ್ಳಬಾರದು ಎಂಬುದಕ್ಕೆ ಸಮರ್ಥನೆ ಇಲ್ಲ’ ಎಂದು ಅವರು ಬರೆದರು. ಹಣಕಾಸು ಕಚೇರಿಯ ಸೂಪರಿಂಟೆಂಡೆಂಟ್ ಮೇಡಂ ಪ್ರತಿಯೊಂದನ್ನೂ ಎರಡೂ ಕಡೆಯ ರಿಜಿಸ್ಟರಿನಲ್ಲಿ ಬರೆಸಿ, ಅಂಚೆಯ ಚೀಲಕ್ಕೆ ಹಾಕಿ, ಕಾರಂಜಿ ದಾಟಿಸುತ್ತಿದ್ದರು. ನಿವೃತ್ತಿಗೆ ಐದು ತಿಂಗಳಿದ್ದ ಅವರಿಗೆ ಯಾವುದೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

‘ಸರ್, ಒಂದು ಮಾತು,’ ಅಂದಿದ್ದರು ಒಮ್ಮೆ. ‘ಸಸ್ಯಶಾಸ್ತ್ರದ ಹೆಡ್ಡು ಸ್ವಲ್ಪ ಜಗಳಗಂಟರು ಅನ್ಸುತ್ತೆ. ಹುಷಾರಾಗಿ ಬರೀರಿ.’

‘ಅವರು ನಾನೇ ಮೇಡಂ.’

‘ಗೊತ್ತು ಸರ್. ಅದಕ್ಕೇ ಹೇಳ್ದೆ.’

ಕಟ್ಟೆಯ ಮೇಲೆ ಕೂತುಕೊಂಡರೆ ಯಾರಾದರೂ ನೋಡಿಯಾರು ಎಂದು ಮೇಷ್ಟ್ರು ನಿಂತೇ ಇದ್ದರು. ಮೇಡಂ ಹೇಳಿದ್ದು ನಿಜವಿರಬಹುದು. ಆದರೆ ಏಣಿಯ ಸಂಗತಿ ಮೇಡಂಗೆ ಗೊತ್ತಿಲ್ಲವೇ? ಅದೇ ಕಚೇರಿಯಲ್ಲಿ, ಅದೇ ಬೀರುವಿನಲ್ಲಿ, ಹದಿನಾರು ವರ್ಷಗಳಿಂದ ಅದರ ಫೈಲು ಕೂತಿದೆ. ಎತ್ತರದ ಮರಗಳಿಂದ ಮಾದರಿ ಕೀಳಲು ಮೇಷ್ಟ್ರು ಆಗ ಒಂದು ಮರದ ಏಣಿ ಕೊಂಡಿದ್ದರು. ಮರುವರ್ಷ ಬಂದ ಆಡಿಟ್‌ನವರು ಏಣಿಯ ಸುತ್ತ ಒಂದು ಸಲ ತಿರುಗಿ, ‘ಸ್ಟೂಲಿನಿಂದ ಆಗಬಹುದಾದ ಕೆಲಸಕ್ಕೆ ಏಣಿ ಏಕೆ ಎಂಬುದಕ್ಕೆ ಸಮರ್ಥನೆ ಇಲ್ಲ’ ಎಂದು ಆಕ್ಷೇಪಣೆ ಬರೆದುಹೋದರು. ಅಂದಿನಿಂದ ಪ್ರತಿ ವರ್ಷ ಮೇಷ್ಟ್ರು ಮರಗಳ ಎತ್ತರ, ತಮ್ಮ ಎತ್ತರ, ಸ್ಟೂಲಿನ ಎತ್ತರ ಎಲ್ಲವನ್ನೂ ಕೂಡಿ ಕಳೆದು ಉತ್ತರ ಬರೆಯುತ್ತಾರೆ. ಪ್ರತಿ ವರ್ಷ ‘ಉತ್ತರ ತೃಪ್ತಿಕರವಾಗಿಲ್ಲ’ ಎಂದು ಬರುತ್ತದೆ. ಏಣಿ ಗೆದ್ದಲು ಹಿಡಿದು ಮಣ್ಣಾಗಿ ಹತ್ತು ವರ್ಷವಾಯಿತು, ಆಕ್ಷೇಪಣೆ ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ. ಇನ್ನೆರಡು ವರ್ಷಕ್ಕೆ ಪೆನ್ಷನ್ ಕಾಗದ ಹೊರಡಬೇಕು. ಒಂದು ಏಣಿಗೇ ಇಷ್ಟಾದರೆ, ಕಂಪ್ರೆಸರಿಗೆ ಎಷ್ಟಾದೀತು? ಇದನ್ನು ನೆನೆಸಿಕೊಂಡಾಗೆಲ್ಲ ಮೇಷ್ಟ್ರ ಹಸಿರು ಪೆನ್ನಿಗೆ ಹೊಸ ಹುರುಪು ಬರುತ್ತಿತ್ತು.

ಅವರಿಗೆ ಭಯವಷ್ಟೇ ಇದ್ದಿದ್ದರೆ ಹೇಗೋ ಇರಬಹುದಿತ್ತು. ಎಲೆ ಹುಡುಗಿಯ ಮುಖ ಕಣ್ಣಮುಂದೆ ಬರುವುದು ಕಷ್ಟವಾಗಿತ್ತು. ಹುಡುಗಿ ಅನ್ನುವುದು ವಿಭಾಗದ ವಾಡಿಕೆ ಅಷ್ಟೇ, ಮೂವತ್ತಮೂರು ವರ್ಷದ ಹೆಂಗಸು, ಮೇಷ್ಟ್ರ ಕೈಕೆಳಗೆ ಸಂಶೋಧನೆ ಮಾಡುವವಳು. ಆರು ವರ್ಷಗಳಿಂದ ಪ್ರತಿ ತಿಂಗಳೂ ಒಂದೇ ಮರದಿಂದ ಎಲೆ ಕಿತ್ತು, ಪೊಟ್ಟಣ ಕಟ್ಟಿ, ತಾರೀಖು ಬರೆದು, ಆ ಫ್ರೀಜರಿನಲ್ಲಿ ಇಟ್ಟಿದ್ದಳು. ವರ್ಷದಿಂದ ವರ್ಷಕ್ಕೆ ಎಲೆಯೊಳಗೆ ಏನೇನು ಬದಲಾಗುತ್ತದೆ ಎಂಬುದೇ ಅವಳ ಪ್ರಬಂಧ. ಒಟ್ಟು ಎಪ್ಪತ್ತೆರಡು ಪೊಟ್ಟಣ. ಹನ್ನೊಂದು ದಿನಗಳಿಂದ ಅವಳು ಫ್ರೀಜರಿನ ಪಕ್ಕ ಸ್ಟೂಲು ಹಾಕಿಕೊಂಡು, ಅದು ಗೊರಗೊರ ಅಂದಾಗ ಸಮಾಧಾನಪಟ್ಟು, ಸುಮ್ಮನಾದಾಗ ಎದ್ದು ಅದರ ಬೆನ್ನಿಗೆ ಗುದ್ದಿ, ಕಾವಲು ಕೂತಿದ್ದಳು. ಮೊನ್ನೆ ಮೇಷ್ಟ್ರು ಧೈರ್ಯ ಹೇಳಲು ಹೋಗಿ, ಹೆಚ್ಚುಕಡಿಮೆಯಾದರೆ ಮತ್ತೆ ಕಿತ್ತರಾಯಿತಮ್ಮ, ಮರ ಎಲ್ಲಿ ಓಡಿಹೋಗುತ್ತೆ ಅಂದುಬಿಟ್ಟಿದ್ದರು.

‘ಮರ ಓಡಿಹೋಗಲ್ಲ ಸರ್,’ ಅಂದಿದ್ದಳು ಅವಳು. ‘ಆದ್ರೆ ಆರು ವರ್ಷದ ಹಿಂದಿನ ಎಲೆ ಇವತ್ತು ಕೀಳಕ್ಕೆ ಆಗಲ್ವಲ್ಲ.’

ಆಗ ಮೇಷ್ಟ್ರಿಗೆ ನಾಚಿಕೆಯಾಗಿತ್ತು. ಅವರೂ ಒಂದು ಕಾಲದಲ್ಲಿ ಅವಳ ವಯಸ್ಸಿನವರಾಗಿದ್ದರು, ಗಾಜಿನ ತೊಟ್ಟಿಗಳಲ್ಲಿ ಪಾಚಿ ಬೆಳೆಸುತ್ತಿದ್ದರು. ಗಾಳಿ ಊದುವ ಪುಟ್ಟ ಪಂಪು ಕೆಟ್ಟಾಗ ಆಗಿನ ಮುಖ್ಯಸ್ಥರ ಮುಂದೆ ಏಳು ದಿನ ಕೈಕಟ್ಟಿ ನಿಂತಿದ್ದರು. ಆ ಮುಖ್ಯಸ್ಥರನ್ನು ಎಲ್ಲರೂ ‘ಪರಿಶೀಲಿಸಿ’ ಎಂದೇ ಕರೆಯುತ್ತಿದ್ದರು, ಯಾವ ಕಾಗದ ಕೊಟ್ಟರೂ ಅದರ ಮೇಲೆ ಆ ಒಂದು ಪದ ಬರೆದು ಹಿಂದಿರುಗಿಸುತ್ತಿದ್ದುದರಿಂದ. ಎಂಟನೆಯ ದಿನ ತೊಟ್ಟಿಗಳಿಂದ ಎದ್ದ ಕೊಳೆತ ವಾಸನೆ ಮೇಷ್ಟ್ರ ಮೂಗಿನಲ್ಲಿ ಇವತ್ತಿಗೂ ಇದೆ. ಅವತ್ತು ಹಾಸ್ಟೆಲಿನ ಬಚ್ಚಲಲ್ಲಿ ನಿಂತು ಅತ್ತು, ನಾನು ಆ ಕುರ್ಚಿಯಲ್ಲಿ ಕೂತ ದಿನ ಹೀಗೆ ಮಾಡುವುದಿಲ್ಲ ಎಂದು ಶಪಥ ಮಾಡಿದ್ದರು. ಒಂದು ಕುರ್ಚಿಯಲ್ಲಿ ಕೂತಾಗ ಆ ಶಪಥ ನಡೆಯುತ್ತಿತ್ತು. ಎರಡು ಕುರ್ಚಿ ಸಿಗುತ್ತವೆಂದು ಅವರು ಎಣಿಸಿರಲಿಲ್ಲ. ಕೈಗಡಿಯಾರ ನೋಡಿಕೊಂಡರು, ಹನ್ನೊಂದಕ್ಕೆ ಐದು ನಿಮಿಷ. ಹನ್ನೊಂದಕ್ಕೆ ಕುಲಪತಿಗಳು ಸಭೆ ಕರೆದಿದ್ದರು.

ಸಭೆ ಕರೆಯಲು ಕಾರಣವೂ ಮೇಷ್ಟ್ರೇ. ಮೂರನೆಯ ಆಕ್ಷೇಪಣೆಗೆ ಉತ್ತರಿಸುವಾಗ ಸಿಟ್ಟು ತಡೆಯಲಾರದೆ ಮುಖ್ಯಸ್ಥರು ಪತ್ರದ ಒಂದು ಪ್ರತಿಯನ್ನು ಕುಲಪತಿಗಳ ‘ಅವಗಾಹನೆಗೆ’ ಕಳಿಸಿದ್ದರು. ಹಣಕಾಸು ಅಧಿಕಾರಿಯೇನು ಕಡಿಮೆಯೇ, ಅವರೂ ಒಂದು ಪ್ರತಿ ಕಳಿಸಿದರು. ಕುಲಪತಿಗಳ ಕಚೇರಿಯವರು ಎರಡೂ ಪ್ರತಿಗಳನ್ನು ಪಿನ್ನು ಹಾಕಿ, ‘ಸಸ್ಯಶಾಸ್ತ್ರ ವಿಭಾಗ ಮತ್ತು ಹಣಕಾಸು ವಿಭಾಗದ ನಡುವಿನ ಭಿನ್ನಾಭಿಪ್ರಾಯ ಕುರಿತು’ ಎಂಬ ವಿಷಯದೊಂದಿಗೆ ಸಭೆ ಗೊತ್ತು ಮಾಡಿದರು. ಮೇಷ್ಟ್ರು ಒಳಗೆ ಹೋದಾಗ ಉದ್ದನೆಯ ಮೇಜಿನ ಒಂದು ಬದಿಗೆ ಎರಡು ಕುರ್ಚಿ ಅಕ್ಕಪಕ್ಕ ಇದ್ದವು. ಎರಡು ಕುರ್ಚಿಗೆ ಎರಡು ಹುದ್ದೆಯ ಫಲಕ, ಎರಡು ನೀರಿನ ಬಾಟಲಿ, ತಟ್ಟೆ ಮುಚ್ಚಿದ ಎರಡು ಕಾಫಿ. ಯಾವುದರಲ್ಲಿ ಕೂರುವುದೆಂದು ತಿಳಿಯದೆ ಮೇಷ್ಟ್ರು ಎರಡರ ನಡುವೆ ನಿಂತರು.

‘ಬನ್ನಿ ಬನ್ನಿ,’ ಅಂದರು ಕುಲಪತಿಗಳು. ಯಾರ ಮನಸ್ಸನ್ನೂ ನೋಯಿಸದೆ ಆ ಹುದ್ದೆಯವರೆಗೆ ಬಂದವರು ಅವರು. ‘ಫೈನಾನ್ಸ್‌ನವರು ಬರಲಿಲ್ವಾ?’

‘ಬಂದಿದೀನಿ ಸರ್.’

‘ಓ, ಪ್ರಭಾರ ನಿಮಗೇ ಕೊಟ್ಟಿದ್ದು ಅಲ್ವಾ. ಮರ್ತೇಹೋಗಿತ್ತು.’ ಕುಲಪತಿಗಳು ಒಂದು ಕ್ಷಣ ಎರಡು ಕಾಫಿಗಳನ್ನೂ ನೋಡಿದರು. ‘ಆದ್ರೂ ಕ್ರಮ ಅಂತ ಒಂದಿದೆ. ಮೊದಲು ವಿಭಾಗದವರು ಹೇಳಿ.’

ಮೇಷ್ಟ್ರು ಎಡಗಡೆ ಕೂತು ಹೇಳಿದರು. ಫ್ರೀಜರಿನ ಕಥೆ, ಎಲೆಯ ಕಥೆ, ಆರು ವರ್ಷದ ಕಥೆ. ಆಮೇಲೆ ಕುಲಪತಿಗಳು ತಲೆಯಾಡಿಸಿ ಸನ್ನೆ ಮಾಡಿದ್ದರಿಂದ ಬಲಗಡೆಗೆ ಸರಿದು ಕೂತು, ವಿಭಾಗದವರ ಕಷ್ಟ ನಮಗೂ ಅರ್ಥವಾಗುತ್ತದೆ, ಆದರೆ ಸಾರ್ವಜನಿಕರ ಹಣ, ನಾಳೆ ಉತ್ತರ ಕೊಡಬೇಕಾದವರು ನಾವು ಎಂದು ಶುರು ಮಾಡಿದರು. ಕುರ್ಚಿ ಬದಲಾದದ್ದೇ ಧ್ವನಿಯೂ ಬದಲಾದದ್ದು ಅವರ ಕಿವಿಗೇ ಕೇಳಿಸಿತು. ಎಡಗಡೆಯ ಕುರ್ಚಿ ಇನ್ನೂ ಬೆಚ್ಚಗಿತ್ತು. ಅಲ್ಲಿ ಯಾರೋ ತಲೆ ತಗ್ಗಿಸಿ ಕೂತಿದ್ದಾರೆ, ಅವರನ್ನು ನಾನು ಗದರಿಸುತ್ತಿದ್ದೇನೆ ಅನ್ನಿಸಿ ಮಾತು ಅರ್ಧಕ್ಕೇ ನಿಂತಿತು.

‘ಇಬ್ರದ್ದೂ ಸರಿಯಾಗೇ ಇದೆ,’ ಅಂದರು ಕುಲಪತಿಗಳು.

‘ಸರ್, ತಾವೇ ಒಂದು ಸಹಿ ಹಾಕಿಬಿಟ್ರೆ—’

‘ನಾನಾ? ನಾನು ಕೈ ಹಾಕಿದ್ರೆ ಹಸ್ತಕ್ಷೇಪ ಆಗುತ್ತೆ. ಸ್ವಾಯತ್ತತೆ ಬೇಕು ಅಂತ ನೀವೇ ತಾನೇ ಇಪ್ಪತ್ತು ವರ್ಷ ಕೇಳಿದ್ದು? ನೀವಿಬ್ರೂ ಕೂತು ಮಾತಾಡಿಕೊಳ್ಳಿ.’ ಎದ್ದು ಬಂದು ಮೇಷ್ಟ್ರ ಭುಜ ತಟ್ಟಿದರು. ‘ಹುಷಾರಾಗಿರಿ. ಮತ್ತೊಂದು ಏಣಿ ಆಗಬಾರದು ನೋಡಿ. ಪಾಪ, ಆ ಆಡಿಟ್ಟಿಂದ ತಾನೇ ನಿಮಗೆ ಆ ಹೆಸರು ಅಂಟಿಕೊಂಡಿದ್ದು.’

ಕುಲಪತಿಗಳ ಕೋಣೆಯಿಂದ ಕಾರಂಜಿಯವರೆಗೆ ಮೇಷ್ಟ್ರು ಹೇಗೆ ನಡೆದರೋ ಅವರಿಗೇ ಗೊತ್ತಿಲ್ಲ. ವಿದ್ಯಾರ್ಥಿಗಳು ತಮ್ಮನ್ನು ಹಿಂದಿನಿಂದ ‘ಏಣಿ ಮೇಷ್ಟ್ರು’ ಅನ್ನುವುದು ಅವರಿಗೆ ಹದಿನೈದು ವರ್ಷಗಳಿಂದ ತಿಳಿದಿತ್ತು. ತಿಳಿದು, ಒಳಗೊಳಗೇ ಹಿಗ್ಗಿದ್ದರು. ಎಷ್ಟೋ ಮಕ್ಕಳು ನನ್ನ ಮೇಲೆ ಕಾಲಿಟ್ಟು ಮೇಲಕ್ಕೆ ಹತ್ತಿಹೋದವರು, ಅದಕ್ಕೇ ಹಾಗೆನ್ನುತ್ತಾರೆ ಎಂದುಕೊಂಡಿದ್ದರು. ಒಂದು ಬೀಳ್ಕೊಡುಗೆಯ ಭಾಷಣದಲ್ಲಿ, ನಾನು ಬರೀ ಏಣಿ, ಹತ್ತುವವರು ನೀವು ಎಂದು ಕೈಮುಗಿದಿದ್ದರು ಕೂಡ. ಅವತ್ತು ಸಭಾಂಗಣ ಬಿದ್ದು ಬಿದ್ದು ನಕ್ಕಿತ್ತು. ಅದು ಪ್ರೀತಿಯ ನಗು ಎಂದು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದರು. ಹೆಂಡತಿ ಒಂದು ಕ್ಷಣ ಅವರ ಮುಖ ನೋಡಿ, ಊಟಕ್ಕೆ ಬನ್ನಿ ಅಂದಿದ್ದಳು. ಅಂದರೆ ಅವಳಿಗೂ ಗೊತ್ತಿತ್ತು. ಮೇಷ್ಟ್ರಿಗೆ ಕಿವಿಯ ತುದಿ ಬಿಸಿಯಾಯಿತು. ‘ಪರಿಶೀಲಿಸಿ’ಯವರು ಸತ್ತು ಹನ್ನೆರಡು ವರ್ಷವಾಗಿತ್ತು, ಅವರಿಗೂ ತಮ್ಮ ಹೆಸರಿನ ಬಗ್ಗೆ ಹೀಗೇ ಏನಾದರೂ ಒಳ್ಳೆಯ ಅರ್ಥ ಇದ್ದಿರಬಹುದು, ಪಾಪ.

ಮಧ್ಯಾಹ್ನ ಎರಡು ತರಗತಿ, ಒಂದು ಪರೀಕ್ಷಾ ಮಂಡಳಿ. ಸಂಜೆ ನಾಲ್ಕೂಮುಕ್ಕಾಲಿಗೆ ಪ್ರಯೋಗಾಲಯಕ್ಕೆ ಹೋದರೆ ಫ್ರೀಜರು ಬಾಯಿ ತೆರೆದುಕೊಂಡು ಖಾಲಿ ನಿಂತಿತ್ತು. ಗೊರಗೊರ ಇಲ್ಲ. ಕೆಳಗೆ ನೀರು ಹರಿದು ನೆಲದ ಮೇಲೆ ನಕ್ಷೆಯ ಹಾಗೆ ಹಬ್ಬಿತ್ತು. ಸ್ಟೂಲು ಖಾಲಿ. ಅಟೆಂಡರು ಬಂದು, ಹನ್ನೊಂದೂವರೆಗೇ ನಿಂತುಹೋಯ್ತು ಸರ್, ಅಂದ. ಆ ಯಮ್ಮ ಕೆಮಿಸ್ಟ್ರಿಯವರ ಫ್ರೀಜರ್ ಕೇಳಿದರೆ, ಹಣಕಾಸು ಅಧಿಕಾರಿಗಳ ಪತ್ರ ತನ್ನಿ ಅಂದರಂತೆ. ಆಮೇಲೆ ನಿಮ್ಮನ್ನು ಹುಡುಕಿ ಸಿಗದೆ, ನಾಲ್ಕು ಗಂಟೆಗೆ ಎಲ್ಲ ಬುಟ್ಟಿಗೆ ತುಂಬಿಕೊಂಡು ನಿಮ್ಮ ಮನೆ ಕಡೆ ಓಡಿದರು.

ಕ್ವಾರ್ಟರ್ಸು ವಿಭಾಗದ ಹಿಂದೆಯೇ. ಮೇಷ್ಟ್ರು ಮನೆಯ ಬಾಗಿಲು ತೆರೆದಾಗ ಊಟದ ಮೇಜಿನ ಮೇಲೆ ಹಾಲಿನ ಪಾತ್ರೆ, ಬಟಾಣಿಯ ಪೊಟ್ಟಣ, ಐಸಿನ ಟ್ರೇಗಳು, ಮಗಳ ಐಸ್‌ಕ್ರೀಮಿನ ಡಬ್ಬಿ ಎಲ್ಲ ಬೀದಿಗೆ ಬಿದ್ದವರ ಹಾಗೆ ಕೂತಿದ್ದವು. ಹೆಂಡತಿ ಕರಗುತ್ತಿದ್ದ ಐಸ್‌ಕ್ರೀಮನ್ನು ಚಮಚದಿಂದ ತಿನ್ನುತ್ತಿದ್ದಳು.

‘ಹಾಳಾಗೋದು ಬೇಡ ಅಂತ,’ ಅಂದಳು. ‘ನಿಮಗೂ ಒಂದು ಚಮಚ ಕೊಡ್ಲಾ?’

ಮೇಷ್ಟ್ರು ಫ್ರಿಡ್ಜಿನ ಮೇಲಿನ ಬಾಗಿಲು ತೆರೆದರು. ತಾರೀಖು ಬರೆದ ಪೊಟ್ಟಣಗಳು ಒಂದಕ್ಕೊಂದು ಒತ್ತಿಕೊಂಡು ತುಂಬಿದ್ದವು. ಬಾಗಿಲಿನ ಹೊರಮೈಗೆ ಮ್ಯಾಗ್ನೆಟಿನಿಂದ ಒಂದು ಹಾಳೆ ಸಿಕ್ಕಿಸಿತ್ತು. ಎಲೆ ಹುಡುಗಿಯ ಅಚ್ಚುಕಟ್ಟಾದ ಅಕ್ಷರ. ಎಷ್ಟಾದರೂ ಅವರ ಶಿಷ್ಯೆ. ಮಾದರಿಗಳ ಪಟ್ಟಿ, ಒಪ್ಪಿಸಿದ ಸಮಯ, ಕೊನೆಗೆ ‘ಇವುಗಳನ್ನು ಸುಸ್ಥಿತಿಯಲ್ಲಿ ಕಾಯುವ ಜವಾಬ್ದಾರಿ ನನ್ನದು.’ ಅದರ ಕೆಳಗೆ ಹೆಂಡತಿಯ ಸಹಿ.

‘ಓದಿ ಸಹಿ ಮಾಡಿದ್ಯಾ?’ ಮೇಷ್ಟ್ರು ಹಾಳೆಯ ಕಡೆ ಬೆರಳು ತೋರಿಸಿದರು.

‘ಓದ್ದೆ. ಜವಾಬ್ದಾರಿ ನನ್ನದು ಅಂತಿತ್ತು. ಫ್ರಿಡ್ಜು ನಮ್ಮದು, ಇನ್ಯಾರದ್ದಾಗುತ್ತೆ?’

‘ಅಲ್ವೇ, ವಿಶ್ವವಿದ್ಯಾಲಯದ ಮಾಲು ಖಾಸಗಿ ಮನೇಲಿ. ಕರೆಂಟು ಹೋದ್ರೆ? ಯಾರಾದ್ರೂ ಕೇಳಿದ್ರೆ?’

‘ಕೇಳಿದ್ರೆ ಹೇಳ್ತೀನಿ, ಆ ಹುಡುಗಿ ಬಾಗಿಲಲ್ಲಿ ಬುಟ್ಟಿ ಹಿಡ್ಕೊಂಡು ಅಳ್ತಾ ನಿಂತಿದ್ಲು, ಅದಕ್ಕೆ ಇಟ್ಕೊಂಡೆ ಅಂತ.’ ಚಮಚ ನೆಕ್ಕಿ ಕೆಳಗಿಟ್ಟಳು. ‘ಅದು ಸಾಲಲ್ಲ ಅಂದ್ರೆ ಏನ್ ಮಾಡ್ತಾರ್ರೀ? ನನ್ನ ಪೆನ್ಷನ್ ಹಿಡೀತಾರಾ?’

ಮೇಷ್ಟ್ರು ಆ ಸಹಿಯನ್ನು ನೋಡುತ್ತ ನಿಂತರು. ದಿನಸಿಯ ಚೀಟಿಗೆ, ಮಗಳ ಪ್ರಗತಿ ಪತ್ರಕ್ಕೆ, ಗ್ಯಾಸಿನವನ ಪುಸ್ತಕಕ್ಕೆ ಮಾಡುವ ಅದೇ ಸಹಿ, ಎರಡು ಸುತ್ತು, ಒಂದು ಬಾಲ. ಎರಡು ಸೆಕೆಂಡು ಹಿಡಿದಿರಬಹುದು. ಅವರಿಗೆ ತಮ್ಮ ಮೇಲೆ ಅಸಹ್ಯವಾಯಿತು, ಅದರ ಜೊತೆಗೇ ಸ್ವಲ್ಪ ನಗುವೂ ಬಂತು. ಫೈಲನ್ನು ಬಟಾಣಿಯ ಪಕ್ಕ ಬಿಚ್ಚಿದರು. ಜೇಬಿಗೆ ಕೈ ಹಾಕಿದರೆ ಯಾವ ಪೆನ್ನು ಬಂತೋ ನೋಡಲಿಲ್ಲ, ಕೋರಿಕೆಯ ಕೆಳಗೂ ಮಂಜೂರಾತಿಯ ಕೆಳಗೂ ಅದರಲ್ಲೇ ಸಹಿ ಹಾಕಿದರು. ಎರಡನೆಯ ಪುಟದ ತುದಿಗೆ ಬಟಾಣಿಯ ನೀರು ತಾಗಿ ಒದ್ದೆಯಾಯಿತು. ಅಷ್ಟೇ. ಹನ್ನೊಂದು ದಿನ ಹೆದರಿದ್ದು ಇಷ್ಟಕ್ಕೇ ಎಂದು ಅವರಿಗೆ ಮೈ ಹಗುರಾಯಿತು.

ಹಗುರಾದದ್ದು ಬೆಳಿಗ್ಗೆಯವರೆಗೆ ಮಾತ್ರ. ಮೆಕ್ಯಾನಿಕ್ಕು ಬಂದು ಮುಕ್ಕಾಲು ಗಂಟೆಯಲ್ಲಿ ಕಂಪ್ರೆಸರ್ ಕೂರಿಸಿದ. ಫ್ರೀಜರು ಸಣ್ಣಗೆ ಹಾಡತೊಡಗಿತು. ಎಲೆ ಹುಡುಗಿ ಮನೆಯಿಂದ ಬುಟ್ಟಿ ತಂದು ಪೊಟ್ಟಣಗಳನ್ನು ಒಂದೊಂದೇ ಜೋಡಿಸಿದಳು. ಮೇಷ್ಟ್ರು ಪಕ್ಕದಲ್ಲಿ ನಿಂತು, ಬೇಡವೆಂದರೂ ಕೇಳದೆ, ಎಣಿಸಿದರು. ಅರವತ್ತಕ್ಕೆ ಬುಟ್ಟಿ ಖಾಲಿಯಾಯಿತು.

‘ಮೊದಲ ವರ್ಷದ್ದು ಅಡೀಲಿತ್ತು ಸರ್,’ ಅಂದಳು ಅವಳು. ‘ನಾನು ತೆಗೆಯೋ ಹೊತ್ತಿಗೇ ನೀರಾಗಿತ್ತು. ಹನ್ನೆರಡೂ ಹೋಯ್ತು.’

ಅವಳು ಕೂಗಾಡುತ್ತಾಳೆ ಎಂದು ಮೇಷ್ಟ್ರು ಕಾದರು. ಕೂಗಾಡಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವಳು ಚೀಲದಿಂದ ಒಂದು ನಮೂನೆ ತೆಗೆದು ಮುಂದಿಟ್ಟಳು. ‘ನಷ್ಟದ ವರದಿ ಸರ್. ಇದಿದ್ರೆ ಪ್ರಬಂಧದಲ್ಲಿ ಆ ವರ್ಷ ಯಾಕಿಲ್ಲ ಅಂತ ತೋರಿಸ್ಬಹುದು. ಕಾರಣದ ಕಡೆ ಖಾಲಿ ಬಿಟ್ಟಿದೀನಿ, ಹೆಡ್ಡೇ ಬರೀಬೇಕಂತೆ.’

ಮೇಷ್ಟ್ರು ನಮೂನೆ ತೆಗೆದುಕೊಂಡು ತಮ್ಮ ಕೋಣೆಗೆ ಹೋದರು. ‘ನಷ್ಟಕ್ಕೆ ಕಾರಣ’ ಎಂಬುದರ ಮುಂದೆ ಏನು ಬರೆಯುವುದೆಂದು ಆ ವಿಶ್ವವಿದ್ಯಾಲಯದಲ್ಲಿ ಯಾರೂ ತಲೆ ಕೆಡಿಸಿಕೊಂಡದ್ದಿಲ್ಲ. ‘ವಿದ್ಯುತ್ ಏರುಪೇರು’ ಎಂದು ಬರೆಯುವುದು ಅಜ್ಜನ ಕಾಲದಿಂದ ನಡೆದುಬಂದ ಕ್ರಮ. ಗ್ರಂಥಾಲಯದ ಪುಸ್ತಕಗಳನ್ನು ಗೆದ್ದಲು ತಿಂದಾಗಲೂ ಹಾಗೇ ಬರೆದಿದ್ದರು, ಯಾರೂ ಪ್ರಶ್ನಿಸಿರಲಿಲ್ಲ. ‘ಪರಿಶೀಲಿಸಿ’ಯವರೂ ಪಾಚಿಯ ವರದಿಯಲ್ಲಿ ಅದನ್ನೇ ಬರೆದಿದ್ದರು. ಆ ಎರಡು ಪದ ಓದಿದಾಗ ಪಾಚಿ ಸತ್ತದ್ದಕ್ಕಿಂತ ಹೆಚ್ಚು ಸಂಕಟವಾಗಿತ್ತು, ಅದು ಮೇಷ್ಟ್ರಿಗೆ ಈಗ ನೆನಪಾಯಿತು. ನೀಲಿ ಪೆನ್ನು ತೆಗೆದರು. ‘ಸಹಿ ಹಾಕಲು ನಾನು ಹನ್ನೊಂದು ದಿನ ತೆಗೆದುಕೊಂಡೆ’ ಎಂದು ಬರೆದು, ಕೆಳಗೆ ತಾರೀಖು ಹಾಕಿದರು.

ವರದಿಗೆ ಹಣಕಾಸು ಅಧಿಕಾರಿಯ ಸಹಿಯೂ ಬೇಕಿತ್ತು. ಮೇಷ್ಟ್ರು ಅದನ್ನು ತಾವೇ ಹಿಡಿದುಕೊಂಡು ಹೊರಟರು. ಕಾರಂಜಿಯ ಹತ್ತಿರ ಕಾಲು ನಿಂತಿತು, ಕೈ ಜೇಬಿಗೆ ಹೋಯಿತು, ಇವತ್ತು ಅದನ್ನು ತಡೆಯಲು ಅವರು ಹೋಗಲಿಲ್ಲ. ಮೂರನೆಯ ಮಹಡಿ ಹತ್ತಿ, ಆ ಇನ್ನೊಂದು ಕುರ್ಚಿಯಲ್ಲಿ ಕೂತು, ವರದಿಯನ್ನು ಮೊದಲ ಸಲ ನೋಡುವವರ ಹಾಗೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಎಲ್ಲಾದರೂ ಸೀಲು ತಪ್ಪಿದೆಯೇ ಎಂದು ಕಣ್ಣು ಹಳೆಯ ಚಟಕ್ಕೆ ಹುಡುಕಿತು. ಸೂಪರಿಂಟೆಂಡೆಂಟ್ ಮೇಡಂ ಅವರ ಭುಜದ ಮೇಲಿಂದ ಬಗ್ಗಿ ಓದಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

‘ಸರ್, ಹೀಗೆ ಬರೆದ್ರೆ ಆಡಿಟ್‌ನವರು ಬಿಡಲ್ಲ. ಹೆಡ್ಡಿಗೆ ಹೇಳಿ, ಕರೆಂಟು ಅಂತ ಬದಲಾಯಿಸಿಕೊಡ್ತಾರೆ. ಅವರದ್ದೂ ಪೆನ್ಷನ್ ಹತ್ರ ಬಂದಿದೆ.’

‘ಹೇಳಿ ನೋಡ್ದೆ ಮೇಡಂ,’ ಅಂದರು ಮೇಷ್ಟ್ರು. ‘ಕೇಳಲ್ಲ ಅಂತಾರೆ.’

ಹಸಿರು ಪೆನ್ನಿನ ಮುಚ್ಚಳ ತೆಗೆದು, ನೀಲಿ ಅಕ್ಷರಗಳ ಕೆಳಗೆ ನಿಧಾನವಾಗಿ, ‘ಪರಿಶೀಲಿಸಿದೆ. ಆಕ್ಷೇಪಣೆ ಇಲ್ಲ’ ಎಂದು ಬರೆದರು.